ಉದ್ಯಾನದ ಸೊಬಗಿಗೆ ಕಟ್ಟಿದ ಗೋಪುರಕ್ಕೆ ಕನ್ನಡದಲ್ಲಿ ಏನೆನ್ನೋಣ?

ಮಾನ್ಯರೇ,

ಲಂಡನ್ನಿನ ಕ್ಯೂ ಉದ್ಯಾನದಲ್ಲಿರುವ ಪಗೋಡದ (ಚೀನಾ ಮಾದರಿಯ ಬಹು ಅಂತಸ್ತಿನ ಕಟ್ಟಡದ) ಚರಿತ್ರೆಯನ್ನು ಶಿರಸಿಯ ಶಾಲಾಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಿಲಿಯಂ ಚೇಂಬರ್ಸ್ ರೂಪಿಸಿದ, 1762ರಲ್ಲಿ ಮುಗಿದ, ಹತ್ತು ಅಂತಸ್ತಿನ, ಸುಮಾರು 50 ಮೀಟರ್ ಎತ್ತರದ ಈ ಇಟ್ಟಿಗೆ ಕಟ್ಟಡದಲ್ಲಿ ಪೂಜೆಯೂ ಇಲ್ಲ, ಕಾವಲೂ ಇಲ್ಲ. ರಾಜಮನೆತನದ ಉದ್ಯಾನಕ್ಕೆ ಸೊಬಗಾಗಲೆಂದೇ ಅದನ್ನು ಎಬ್ಬಿಸಿದ್ದು. ಎಂಟೆಂಟು ಮೂಲೆಯ ಹತ್ತು ಮಾಡುಗಳ ತುದಿಗೆ ಒಂದೊಂದರಂತೆ ಇದ್ದ 80 ಮರದ ಡ್ರ್ಯಾಗನ್‌ಗಳನ್ನು 1784ರಲ್ಲಿ ಇಳಿಸಿದ್ದರು. 2018ರ ಜೀರ್ಣೋದ್ಧಾರದಲ್ಲಿ ಹೊಸದಾಗಿ ಮಾಡಿಸಿ ಏರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಮಾದರಿಗಳನ್ನು ಮೇಲಿನಿಂದ ಬೀಳಿಸಿ ಪರೀಕ್ಷಿಸುವುದಕ್ಕಾಗಿ ಅದರ ಅಂತಸ್ತುಗಳ ನೆಲಕ್ಕೆ ತೂತು ಕೊರೆದಿದ್ದರು ಎಂಬುದನ್ನು ಬರೆಯುವಾಗ ಮನಸ್ಸಿಗೆ ನೋವಾಯಿತು.

ತೊಡಕಿರುವುದು ಹೆಸರಿನಲ್ಲಿ. ‘ಗೋಪುರ’ ಎಂದೊಡನೆ ನಮ್ಮ ಜಿಲ್ಲೆಯ ಮಕ್ಕಳ ಕಣ್ಣಿಗೆ ಕಟ್ಟುವುದು ಮುರ್ಡೇಶ್ವರದ 20 ಅಂತಸ್ತಿನ ರಾಜಗೋಪುರ. ಸಂಸ್ಕೃತದಲ್ಲಿಯೂ ಆ ಪದಕ್ಕೆ ಊರಿನ ಹೆಬ್ಬಾಗಿಲು ಎಂಬ ಅರ್ಥವಿದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿರುವ ಕೆಂಪೇಗೌಡ ಗೋಪುರಕ್ಕೆ ಬಾಗಿಲಿನ ಸಂಬಂಧವಿಲ್ಲವಲ್ಲ ಎನ್ನಬಹುದು, ನಿಜ. ಆದರೆ ಅದು 1760ರಲ್ಲಿ ಹೈದರಾಲಿ ಆರಂಭಿಸಿದ ಆ ಉದ್ಯಾನಕ್ಕಿಂತ ಹಳೆಯದು, ಊರಿನ ಎಲ್ಲೆ ತೋರಿಸುವ ಗುರುತು, ಉದ್ಯಾನಕ್ಕಾಗಿ ಹುಟ್ಟಿದ್ದಲ್ಲ. ‘ಬುರುಜು’ ಎಂದರೆ ಮಿರ್ಜಾನ್ ಕೋಟೆ ನೆನಪಾಗುತ್ತದೆ. ‘ತೋಟದ ಗೋಪುರ’ವಂತೂ ಶಿರಸಿ ಸೀಮೆಯಲ್ಲಿ ನಡೆಯದು, ಇಲ್ಲಿ ತೋಟವೆಂದರೆ ಅಡಿಕೆ ತೋಟವೇ.

ಹಾಗಾದರೆ ‘ಪಗೋಡ’ವನ್ನೇ ಉಳಿಸಿಕೊಳ್ಳೋಣವೆಂದರೆ, ಕಾರವಾರದಲ್ಲಿ ಕೋಠಿ ಇಟ್ಟಿದ್ದ ಇಂಗ್ಲಿಷರ ಕಾಲದ ಬರಹಗಳಲ್ಲಿ ಅದೇ ಪದ ನಮ್ಮ ದೇವಸ್ಥಾನಗಳಿಗೂ ಸಲ್ಲುತ್ತಿತ್ತು, ವರಹವೆಂಬ ಚಿನ್ನದ ನಾಣ್ಯಕ್ಕೂ ಸಲ್ಲುತ್ತಿತ್ತು. ಇದೊಂದು ಕಟ್ಟಡದ ಅಂಕಿತನಾಮವಾಗಿ ಅದು ಇರಲಿ. ಈ ಬಗೆಯ ಎಲ್ಲ ಕಟ್ಟಡಗಳಿಗೆ ಹೊಂದುವ ಪದ ಬೇರೆಯೇ ಬೇಕು. ವಿಹಾರದ ಉದ್ಯಾನ ಎಂಬರ್ಥದ ‘ಕೇಳೀವನ’ದ ಜಾಡು ಹಿಡಿದು ‘ಕೇಳೀಗೋಪುರ’ ಎಂದು ಬರೆದು ನೋಡಿದೆ. ಓದಿ ಹೇಳಿದಾಗ ಮಕ್ಕಳು ಅದನ್ನು ‘ಕೇಳು’ ಎಂಬ ಕ್ರಿಯಾಪದಕ್ಕೆ ಗಂಟು ಹಾಕಿದರು.

ಈಗ ನನ್ನ ಮನಸ್ಸು ‘ಅಟ್ಟಳೆ’ಯ ಕಡೆಗಿದೆ. ಹಳಗನ್ನಡದಲ್ಲಿ ಅದು ಕೋಟೆಯ ಮೇಲಿನ ಎತ್ತರದ ಕಾವಲುನೆಲೆಯಾದರೂ, ‘ಅಟ್ಟ’ದ ನಂಟಿರುವುದರಿಂದ ಮನೆಮಾತಿಗೆ ಹತ್ತಿರದ್ದು. ನಮ್ಮಲ್ಲಿ ಗದ್ದೆಗೆ ಬರುವ ಕಾಡುಹಂದಿಗಳನ್ನು ಕಾಯಲು ನಾಲ್ಕು ಕಂಬ ನೆಟ್ಟು, ಮೇಲೆ ಹುಲ್ಲು ಹೊದಿಸಿ, ಏಣಿ ಆನಿಸಿ ಕಟ್ಟುವ ‘ಮಾಳ’ವನ್ನು ಬಲ್ಲ ಮಗುವಿಗೆ, ಏರಿ ನಿಂತು ನೋಡುವ ಕಟ್ಟಡ ಎಂಬ ಕಲ್ಪನೆ ಹೊಸದೇನಲ್ಲ. ಕಾವಲಿನ ಅರ್ಥ ಕಳಚಿ ನೋಟದ ಅರ್ಥ ಮುಂದೆ ಬರಲೆಂದು ‘ನೋಟದಟ್ಟಳೆ’ ಎಂದು ಬರೆದಿದ್ದೇನೆ.

ಈ ಸಮಾಸ ಕಿವಿಗೆ ಒಗ್ಗುತ್ತದೆಯೇ? ಕುಮಟಾ, ಅಂಕೋಲೆಯ ಕಡೆ ನೋಡುವುದಕ್ಕೆಂದೇ ಕಟ್ಟಿದ ಎತ್ತರದ ಕಟ್ಟೋಣಕ್ಕೆ ಬೇರೆ ಮಾತು ಬಳಕೆಯಲ್ಲಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಡನೆ ತಿಳಿಸಬೇಕೆಂದು ವಿನಂತಿ.