ಇಬ್ಬರು ಹಿಂದೆ ಬಿದ್ದರೂ ಪೈಪೋಟಿ ಸಪ್ಪೆ: ಎಲ್ಲಿ ಎಡವಿದೆ?

ಅರೆಕರಡು:
1815ರ ಇಂಗ್ಲೆಂಡಿನಲ್ಲಿ ನಡೆಯುವ ಪ್ರೇಮ ಕಾದಂಬರಿ. ನಾಯಕಿ ಶಾರ್ಲೆಟ್, ವಯಸ್ಸು 20, ಮನೆಯ ಎರಡನೇ ಮಗಳು. ಒಬ್ಬ ಕೈಯಲ್ಲಿ ಕಾಸಿಲ್ಲದ ಕ್ಯಾಪ್ಟನ್, ಇನ್ನೊಬ್ಬ ಆಸ್ತಿವಂತ ಬ್ಯಾರನೆಟ್ ಲಾರ್ಡ್ ಹೆನ್ರಿ. ನೃತ್ಯಕೂಟದಲ್ಲಿ ಹೆನ್ರಿಗೆ ಒಲ್ಲೆ ಅಂದು ಕ್ಯಾಪ್ಟನ್ ಜೊತೆ ನಾಲ್ಕು ಸಲ ಕುಣೀತಾಳೆ. ಆಮೇಲೆ ಅವನಿಂದ ಅಂಚೆಯಲ್ಲಿ ಪ್ರೇಮಪತ್ರ. ಕೊನೆಗೆ ರಾತ್ರಿ ಲಂಡನ್ ಬಿಟ್ಟು, ಬೆಳಗಾಗುವಷ್ಟರಲ್ಲಿ ಸ್ಕಾಟ್ಲೆಂಡ್ ಗಡಿಯ ಹಳ್ಳಿ ಗ್ರೆಟ್ನಾ ಗ್ರೀನ್‌ನಲ್ಲಿ ಮದುವೆ. ಪೈಪೋಟಿಯಲ್ಲಿ ಬಿಸಿಯೇ ಇಲ್ಲ ಅಂತಾರೆ ಓದಿದವರು. ಏನು ತಿದ್ದಲಿ?

ಮಸಿಕುಡಿಕೆ:
ಮೊದಲು ಚಿಕ್ಕದು: ಬ್ಯಾರನೆಟ್ ಅನ್ನೋದು ಲಾರ್ಡ್‌ಗಿಂತ ಕೆಳಗಿನ ಬಿರುದು, ಅವನು 'ಸರ್ ಹೆನ್ರಿ'.

ನಿಮ್ಮ ಕಾಲದ ಕಟ್ಟುಪಾಡುಗಳನ್ನೆಲ್ಲ ನೀವೇ ಸಡಿಲ ಮಾಡಿದ್ದೀರಿ, ಬಿಸಿ ಅಲ್ಲೇ ಆರಿಹೋಗಿದೆ. ಒಬ್ಬನಿಗೆ ಒಲ್ಲೆ ಅಂದ ಹುಡುಗಿ ಅದೇ ಕುಣಿತಕ್ಕೆ ಇನ್ನೊಬ್ಬನ ಕೈ ಹಿಡಿಯುವಂತಿರಲಿಲ್ಲ, ಕೂತಿರಬೇಕು. ಕೈ ಹಿಡಿದರೆ ಮೊದಲನೆಯವನಿಗೆ ನೇರ ಅವಮಾನ. ಒಮ್ಮೆ ಜೊತೆಯಾದರೆ ಎರಡು ಕುಣಿತ, ಹೆಚ್ಚುಕಡಿಮೆ ಅರ್ಧ ಗಂಟೆ. ಅಂಥ ಸುತ್ತು ಒಬ್ಬನಿಗೆ ಒಂದು ರಾತ್ರಿಯಲ್ಲಿ ಎರಡೇ. ಮೂರನೆಯದಕ್ಕೆ ಇಡೀ ಸಭಾಂಗಣ ನಿಶ್ಚಿತಾರ್ಥದ ಮಾತಾಡುತ್ತೆ. ಹಾಗಾಗಿ ಕ್ಯಾಪ್ಟನ್ ತನ್ನ ಎರಡನ್ನೂ ಆತುರದಲ್ಲಿ ಮೊದಲೇ ಮುಗಿಸಿಬಿಡಲಿ. ಊಟದ ಮುಂಚಿನದನ್ನು ಸರ್ ಹೆನ್ರಿ ತಣ್ಣಗೆ ಕಾದು ಪಡೆಯಲಿ, ಯಾಕಂದರೆ ಆ ಕುಣಿತದ ಜೊತೆಗಾರನೇ ಅವಳನ್ನು ಊಟದ ಮೇಜಿಗೆ ಕರೆದೊಯ್ಯುವವನು. ಕ್ಯಾಪ್ಟನ್ ಗೋಡೆಗೊರಗಿ ನೋಡಬೇಕು, ಅಷ್ಟೆ.

ಅರಗುಮುದ್ರೆ:
ಪತ್ರದ ವಿಷಯ. ನಿಶ್ಚಯವಾಗದ ಹೆಣ್ಣುಗಂಡು ಪತ್ರ ಬರೆದುಕೊಳ್ಳುವುದೇ ಅಪವಾದ. ಅದರ ಮೇಲೆ, 1840ರ ಸುಧಾರಣೆಗೆ ಮುಂಚೆ ದೂರದಿಂದ ಬಂದ ಅಂಚೆಗೆ ಸಾಮಾನ್ಯವಾಗಿ ದುಡ್ಡು ಕೊಡುತ್ತಿದ್ದದ್ದು ಪಡೆದವರು. ದೂರಕ್ಕೂ ಹಾಳೆಯ ಲೆಕ್ಕಕ್ಕೂ ತಕ್ಕ ದರ. ಲಕೋಟೆ ಹಾಕಿದರೆ ಅದೂ ಒಂದು ಹಾಳೆ, ಅದಕ್ಕೇ ಬರೆದ ಹಾಳೆಯನ್ನೇ ಮಡಚಿ ಅರಗು ಒತ್ತುತ್ತಿದ್ದರು. ಅಂದರೆ ನಿಮ್ಮ ಪ್ರೇಮಪತ್ರಕ್ಕೆ ಕಾಸು ಎಣಿಸಿಕೊಟ್ಟವನು ಹುಡುಗಿಯ ಅಪ್ಪ! ಕ್ಯಾಪ್ಟನ್‌ಗೆ ಒಬ್ಬ ತಂಗಿ ಇರಲಿ. ಗೆಳತಿಗೆ ಅವಳು ಬರೆಯುವ ಕಾಗದದ ಕೊನೆಯಲ್ಲಿ, ಬೇರೆ ಕೈಬರಹದ ಎರಡೇ ಸಾಲು.

ಇನ್ನು ಗ್ರೆಟ್ನಾ. ಲಂಡನ್ನಿನಿಂದ 300 ಮೈಲಿಗೂ ಮೇಲೆ, ಒಂದು ರಾತ್ರಿಯ ಮಾತೇ ಅಲ್ಲ. 10–15 ಮೈಲಿಗೊಮ್ಮೆ ಕುದುರೆ ಬದಲಿಸಿ ಹಗಲುರಾತ್ರಿ ಓಡಿಸಿದರೂ ಹೆಚ್ಚುಕಡಿಮೆ ಎರಡು ದಿನ ಬೇಕು. ನಿಮ್ಮ ಪೈಪೋಟಿ ಅಲ್ಲೇ ಇದೆ: ಮುಂದೆ ಹೋದವರು ಛತ್ರದ ಒಳ್ಳೆ ಕುದುರೆಗಳನ್ನೆಲ್ಲ ಹಿಡಿದರೆ ಬೆನ್ನಟ್ಟಿದವನಿಗೆ ಆಗಷ್ಟೇ ಬಂದು ನಿಂತ, ಮೈಯೆಲ್ಲ ನೊರೆಯಾದ ಜೋಡಿಯೇ ಗತಿ.

ಹಳೇದಸ್ತು:
ಓಡಿಹೋಗುವ ಕಾರಣವನ್ನೂ ಗಟ್ಟಿ ಮಾಡಿ. 1753ರ ಮದುವೆ ಕಾಯ್ದೆ ಇಂಗ್ಲೆಂಡಿಗೆ ಅನ್ವಯಿಸುತ್ತಿತ್ತು, ಸ್ಕಾಟ್ಲೆಂಡಿಗಲ್ಲ. 21 ತುಂಬದವರಿಗೆ ಲೈಸನ್ಸ್ ಮದುವೆಗೆ (ಚರ್ಚಿನಲ್ಲಿ ಕೂಗಿಸದೆ, ಪರವಾನಗಿ ಪಡೆದು ಆಗುವುದು) ಅಪ್ಪನ ಒಪ್ಪಿಗೆ ಬೇಕು. ಇವರು ಮದುವೆಯಾಗುತ್ತಾರೆ ಅಂತ ಚರ್ಚಿನಲ್ಲಿ ಮೂರು ಭಾನುವಾರ ಕೂಗಿಸಿದರೆ ಅಪ್ಪ ಎದ್ದು ನಿಂತು ತಡೆಯಬಹುದು. ಆದರೆ ಶಾರ್ಲೆಟ್‌ಗೆ 20. ಕೆಲವು ತಿಂಗಳು ಕಾದರೆ ಯಾರ ಹಂಗೂ ಇಲ್ಲ, ಮತ್ತೆ ಓಟ ಯಾಕೆ? 18 ಮಾಡಿ, ಇಲ್ಲವೇ ಕ್ಯಾಪ್ಟನ್‌ಗೆ ಹಡಗು ಹತ್ತುವ ಆದೇಶ ಬರಲಿ.

ಅಪ್ಪನನ್ನು ಖಳ ಮಾಡಬೇಡಿ. ಮದುವೆಯಾದ ಕೂಡಲೇ ಅವಳ ಕೈಯ ಹಣ ಗಂಡನದು. ಗಂಡ ಸತ್ತರೆ ವರ್ಷಕ್ಕೆ ಎಷ್ಟು, ಕೈಖರ್ಚಿಗೆ ಎಷ್ಟು ಅಂತ ವಕೀಲರು ಮೊದಲೇ ಕರಾರು ಬರೆಯಬೇಕು. ಓಡಿಹೋದವಳಿಗೆ ಆ ಕರಾರೇ ಇಲ್ಲ.

ಮಸಿಕುಡಿಕೆ:
ಮರೆತಿದ್ದೆ, ಕನ್ನಡದಲ್ಲಿ ಬರೆಯುವವರಿಗೊಂದು ಲಾಭ ಇದೆ. ಇಂಗ್ಲಿಷಿನವರ ಆ ಕಾಲದ ಮಾತಿನಲ್ಲಿ ನೀನು–ನೀವು ಭೇದ ಸವೆದುಹೋಗಿತ್ತು, ನಮಗೆ ಇದೆ. ಇಬ್ಬರೂ ಅವಳನ್ನು 'ಮಿಸ್ ಶಾರ್ಲೆಟ್, ನೀವು' ಅಂತಲೇ ಕರೆಯಲಿ. (ಬರೀ ಮನೆತನದ ಹೆಸರಿನ 'ಮಿಸ್' ಹಿರಿಯಕ್ಕನಿಗೆ.) ಹತ್ತು ಅಧ್ಯಾಯ ಹಾಗೇ ಬಿಡಿ. ಗಾಡಿ ಹತ್ತುವಾಗ ಅವಳ ಕಾಲು ಜಾರಿದ ಕ್ಷಣ ಕ್ಯಾಪ್ಟನ್ ಬಾಯಲ್ಲಿ "ಹುಷಾರು, ಬಿದ್ದೀಯ" ಅಂತ ಬಂದುಬಿಡಲಿ. ಸರ್ ಹೆನ್ರಿ ಪಕ್ಕದಲ್ಲೇ ಇರಲಿ.

ಅರೆಕರಡು:
ವಯಸ್ಸು 18 ಮಾಡಿದೆ. ನಾಲ್ಕು ಸಲದ ಕುಣಿತಕ್ಕೆ ಕತ್ತರಿ. ಆ 'ಬಿದ್ದೀಯ' ನನಗೇ ಇರಲಿ.