ಯೋಜನೆಯ ಸಭೆಯಲ್ಲಿ ಬಾಡಿಗೆಯವರ ಮಾತಿಗೆ ಬೆಲೆ ಬರೋದು ಹೇಗೆ?

ಮೂರನೇಮಹಡಿ:
ನಮ್ಮ ವಾರ್ಡಿನ ಯೋಜನೆಯ ಕರಡು ಬಂದಿದೆ. ಬಸ್ ನಿಲ್ದಾಣದ ಸುತ್ತ ನಾಲ್ಕಂತಸ್ತಿನ ಕಟ್ಟಡಗಳು, ಅಗಲವಾದ ಫುಟ್‌ಪಾತ್, ಒಂದಷ್ಟು ಕಡಿಮೆ ಬಾಡಿಗೆಯ ಮನೆಗಳು. ಅಹವಾಲು ಸಭೆಗೆ ಹೋದರೆ ಮೈಕ್ ಹಿಡಿದವರೆಲ್ಲ ಸ್ವಂತ ಮನೆಯವರು, ಎಲ್ಲರದೂ ಒಂದೇ ಪ್ರಶ್ನೆ: ಕಾರು ಎಲ್ಲಿ ನಿಲ್ಲಿಸೋದು? ನನ್ನ ಸರದಿ ಬರೋಷ್ಟರಲ್ಲಿ ವೇಳೆ ಮುಗಿದಿತ್ತು. ಇನ್ನೊಂದು ಸಭೆ ಬಾಕಿ ಇದೆ. ಏನು ಮಾಡಬಹುದು?

ಹಳೇನಕ್ಷೆ:
ನಗರ ಯೋಜನೆಯ ಕಚೇರಿಯಲ್ಲೇ ಕೂದಲು ನರೆಸಿಕೊಂಡವನು ನಾನು. ನೀವು ಕಂಡದ್ದು ಎಲ್ಲ ಕಡೆಯದ್ದೇ ಕಥೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಇಂಥ ಸಭೆಗಳ ನಡಾವಳಿ ತೆಗೆದು ನೋಡಿದ ಸಂಶೋಧಕರಿಗೆ ಸಿಕ್ಕಿದ್ದೂ ಇದೇ. ಮಾತಾಡೋರಲ್ಲಿ ವಯಸ್ಸಾದವರು, ಗಂಡಸರು, ಸ್ವಂತ ಮನೆಯವರೇ ಜಾಸ್ತಿ. ಹೊಸ ಮನೆಗಳಿಗೆ ಬಹುಪಾಲು ವಿರೋಧ. ಶೆರ್ರಿ ಆರ್ನ್‌ಸ್ಟೀನ್ ಅನ್ನೋ ಅಮೆರಿಕದ ನೀತಿ ತಜ್ಞೆ 1969ರಲ್ಲೇ ಜನರ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲ ಏಣಿ ಬರೆದಿಟ್ಟರು; ಮೇಲೇರಿದಷ್ಟೂ ಜನರ ಕೈಗೆ ಹೆಚ್ಚು ಅಧಿಕಾರ. ಅಭಿಪ್ರಾಯ ಕೇಳೋದು ಅದರಲ್ಲಿ ನಾಲ್ಕನೆಯ ಮೆಟ್ಟಿಲು. ಅಧಿಕಾರ ಹಂಚಿಕೊಳ್ಳೋದು ಶುರುವಾಗೋದೇ ಆರರಿಂದ.

ಅದಕ್ಕೇ ಮೈಕನ್ನು ನೆಚ್ಚಬೇಡಿ. ಬಾಯಿಮಾತು ನಡಾವಳಿಯಲ್ಲಿ ಒಂದು ಸಾಲಾಗಿ ಕರಗಿಹೋಗುತ್ತೆ. ಲಿಖಿತವಾಗಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 'ಬಡವರಿಗೆ ಮನೆ ಬೇಕು' ಅಂತ ಬರೆದರೆ ಎಲ್ಲರೂ ತಲೆಯಾಡಿಸ್ತಾರೆ, ಅಷ್ಟೇ. ಕರಡಿನ ಯಾವ ನಿಯಮ ಹೇಗೆ ಬದಲಾಗಬೇಕು ಅಂತ ನಿಯಮದ ಸಂಖ್ಯೆ ಹಾಕಿ ಬರೆಯಿರಿ. ನಾನಾದರೆ ಮೊದಲು ಹಿಡಿಯೋದು ಕಡ್ಡಾಯ ಪಾರ್ಕಿಂಗ್ ಷರತ್ತನ್ನು, ಅಂದರೆ ಮನೆಗೆ ಇಷ್ಟು ಕಾರಿನ ಜಾಗ ಕಟ್ಟಲೇಬೇಕು ಅನ್ನೋ ನಿಯಮವನ್ನು. ಅದರ ಖರ್ಚು ಕಾರಿಲ್ಲದ ಬಾಡಿಗೆದಾರನ ತಲೆ ಮೇಲೂ ಬೀಳುತ್ತೆ. ಗೇಟಿಗೊಂದು ಇಳಿಜಾರು ಮಾಡಿ ಫುಟ್‌ಪಾತೂ ತುಂಡುತುಂಡು. ನ್ಯೂಜಿಲೆಂಡ್ ಸರ್ಕಾರ 2020ರಲ್ಲಿ ಈ ಕಡ್ಡಾಯವನ್ನೇ ಕಿತ್ತುಹಾಕಿ ಅಂತ ನಗರಗಳಿಗೆ ಆದೇಶ ಕೊಟ್ಟಿತು.

ಬೀದಿಕೊನೆ:
ಫುಟ್‌ಪಾತ್ ಚೆನ್ನಾದರೆ ಬಾಡಿಗೆ ಏರುತ್ತೆ ಸರ್. ಆಮೇಲೆ ಅಲ್ಲಿ ನಡೆಯೋರು ಬೇರೆಯವರು.

ಹಳೇನಕ್ಷೆ:
ಒಪ್ಪಿದೆ, ಅದಕ್ಕೇ ಫುಟ್‌ಪಾತ್, ಕಡಿಮೆ ಬಾಡಿಗೆ ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಬೇಕು. 'ಕಡಿಮೆ ಬಾಡಿಗೆ' ಎಷ್ಟು ವರ್ಷದವರೆಗೆ ಅಂತ ಕರಡಿನಲ್ಲಿ ಇದೆಯಾ ನೋಡಿ. ಗಡುವು ಮುಗಿದ ಮಾರನೇ ದಿನ ಅದು ಮಾರುಕಟ್ಟೆ ಮನೆ. ಜಮೀನು ಯಾರ ಕೈಲಿರುತ್ತೆ ಅನ್ನೋದೇ ಇಲ್ಲಿ ಮುಖ್ಯ. ಅಮೆರಿಕದ ಬರ್ಲಿಂಗ್ಟನ್‌ನಲ್ಲಿ 1984ರಿಂದ ಒಂದು ಭೂ ಟ್ರಸ್ಟ್ ಇದೆ. ನೆಲ ಟ್ರಸ್ಟಿನದು, ಮನೆ ಮಾತ್ರ ಕೊಂಡವರದು; ಮಾರುವಾಗ ಲಾಭಕ್ಕೆ ಮಿತಿ. ಆಡಳಿತ ಮಂಡಳಿಯಲ್ಲಿ ನಿವಾಸಿಗಳಿಗೂ ಕುರ್ಚಿ ಉಂಟು. ಆಸ್ಟ್ರಿಯಾದ ವಿಯೆನ್ನಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ನಗರಾಡಳಿತದ ಅಥವಾ ಸಹಾಯಧನದ ಮನೆಗಳಲ್ಲಿದ್ದಾರೆ. ಅಲ್ಲಿ ಬೀದಿ ಚೆಂದವಾಯ್ತು ಅಂತ ಅವರನ್ನೆಲ್ಲ ಎಬ್ಬಿಸೋದು ಸುಲಭವಲ್ಲ.

ಗಾಲಿಕುರ್ಚಿ:
ಸಂಜೆ ಸಭೆ ಇಟ್ಟರೆ ಪಾಳಿ ಕೆಲಸದವರು, ಕೈಗೂಸಿನ ತಾಯಂದಿರು ಬರೋದಾದರೂ ಹೇಗೆ? ಅಧಿಕಾರಿಗಳನ್ನೇ ರಸ್ತೆಗೆ ಕರೆಯಿರಿ. ನಮ್ಮತ್ತೆಯ ಗಾಲಿಕುರ್ಚಿಯನ್ನು ಒಬ್ಬ ಇಂಜಿನಿಯರ್ ಕೈಲಿ ಬಸ್ ನಿಲ್ದಾಣದವರೆಗೆ ತಳ್ಳಿಸಿದ್ದೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಫುಟ್‌ಪಾತಿನಿಂದ ಇಳಿಸಲೇಬೇಕಾಯ್ತು, ಹಿಂದಿನಿಂದ ಲಾರಿ ಹಾರ್ನು. ಅಲ್ಲೇ ನಿಂತು ಟೇಪ್ ತೆಗೆದು ಅಳತೆ ಬರ್ಕೊಂಡರು!

ಮೂರನೇಮಹಡಿ:
ಕರಡು ಮತ್ತೆ ಓದಿದೆ. ಫ್ಲ್ಯಾಟಿಗೆ ಒಂದೂವರೆ ಕಾರಿನ ಜಾಗ ಕಡ್ಡಾಯವಂತೆ. ಆ ಅರ್ಧ ಕಾರು ಯಾರದೋ! ಕಡಿಮೆ ಬಾಡಿಗೆಗೆ ಗಡುವೇ ಬರೆದಿಲ್ಲ. ಎರಡನ್ನೂ ಸೇರಿಸಿ ಅರ್ಜಿ ಬರೀತಿದ್ದೀನಿ. ಸಹಿಗೆ ಮೊದಲು ನಮ್ಮ ಕಟ್ಟಡದ ಬಾಡಿಗೆಯವರ ಬಾಗಿಲನ್ನೇ ತಟ್ಟುತ್ತೀನಿ. ಹಳೇನಕ್ಷೆ ಸರ್, ಅರ್ಜಿಯ ಕರಡು ಇಲ್ಲಿ ಹಾಕಿದರೆ ಒಮ್ಮೆ ಕಣ್ಣಾಡಿಸ್ತೀರಾ?