ಕೂಲಂಬ್ ಪ್ರಯೋಗ: ಗುಂಡುಗಳು ದೂರ ಸರಿಯುತ್ತಲೇ ಇಲ್ಲ, ದಯವಿಟ್ಟು ಸಹಾಯ ಮಾಡಿ

ಹೈಸ್ಕೂಲ್_ಟೀಚರ್:
ನಮಸ್ಕಾರ. ತಲೆ ಕೆಟ್ಟುಹೋಗಿದೆ. ಎರಡು ಪುಟ್ಟ ಥರ್ಮೋಕೋಲ್ ಗುಂಡುಗಳಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಪಕ್ಕಪಕ್ಕ ನೇತುಹಾಕಿದ್ದೇನೆ. ಪಿವಿಸಿ ಪೈಪನ್ನು ಉಣ್ಣೆ ಬಟ್ಟೆಯಿಂದ ಚೆನ್ನಾಗಿ ಉಜ್ಜಿ ಎರಡಕ್ಕೂ ಮುಟ್ಟಿಸುತ್ತೇನೆ. ಫ್ರೆಂಚ್ ವಿಜ್ಞಾನಿ ಕೂಲಂಬ್ ತೋರಿಸಿದ ಹಾಗೆ, ಒಂದೇ ಬಗೆಯ ಚಾರ್ಜ್ ಬಂದ ಮೇಲೆ ಅವು ಒಂದನ್ನೊಂದು ತಳ್ಳಬೇಕು ಅಲ್ವಾ? ತಳ್ಳುವುದೇ ಇಲ್ಲ. ಗುಂಡುಗಳು ಪೈಪಿನ ಕಡೆ ಓಡಿ ಬಂದು ಅಂಟಿಕೊಳ್ಳುತ್ತವೆ. ಪೈಪ್ ತೆಗೆದರೆ ಏನೂ ಆಗದ ಹಾಗೆ ನೇರ ನೇತಾಡುತ್ತವೆ. ಪೈಪ್ ಬದಲಿಸಿದೆ, ಬಟ್ಟೆ ಬದಲಿಸಿದೆ. ಮುಂದಿನ ವಾರ ವಿಜ್ಞಾನ ವಸ್ತುಪ್ರದರ್ಶನ ಇದೆ. ಮಕ್ಕಳು ತುಂಬಾ ಆಸೆ ಇಟ್ಟುಕೊಂಡಿದ್ದಾರೆ.

ಹಳೇ_ರೇಡಿಯೋ:
ಯಾವ ಊರು ಮೇಡಂ?

ಹೈಸ್ಕೂಲ್_ಟೀಚರ್:
ಕುಂದಾಪುರದ ಹತ್ತಿರ.

ಹಳೇ_ರೇಡಿಯೋ:
ಹಾಗಾದರೆ ಮುಗಿಯಿತು. ಜುಲೈ ತಿಂಗಳು, ಕರಾವಳಿ, ಗಾಳಿ ತುಂಬಾ ನೀರು. ಚಾರ್ಜ್ ನಿಲ್ಲುವುದೇ ಇಲ್ಲ. ಪೈಪ್, ಬಟ್ಟೆ, ಗುಂಡು ಎಲ್ಲವನ್ನೂ 60 ವಾಟ್ ಬಲ್ಬಿನ ಕೆಳಗೆ ಅರ್ಧ ಗಂಟೆ ಇಡಿ. ಪೈಪಿಗೆ ಹೇರ್ ಡ್ರೈಯರ್ ಹಿಡಿಯಿರಿ.

ಬಳ್ಳಾರಿ_ಬಿಸಿಲು:
ನಮ್ಮಲ್ಲಿ ಮಾರ್ಚ್ ತಿಂಗಳಲ್ಲಿ ತಲೆ ಬಾಚಿದ ಬಾಚಣಿಗೆಯಿಂದಲೇ ಇದೆಲ್ಲ ಆಗುತ್ತದೆ. ಇನ್ನೊಂದು ಮಾತು. ಗುಂಡು ಪೈಪಿನ ಕಡೆ ಬರುತ್ತಿದೆ ಅಂದರೆ ಅದರಲ್ಲಿ ವಿರುದ್ಧ ಚಾರ್ಜ್ ಇದೆ. ನೀವು ಫಾಯಿಲನ್ನು ಸುತ್ತುವಾಗಲೇ ಉಜ್ಜಿ ಪಾಸಿಟಿವ್ ಮಾಡಿದ್ದೀರಿ.

ತಕ್ಕಡಿ:
ಇಲ್ಲ ಬಳ್ಳಾರಿ ಸರ್, ಇದು ತಪ್ಪು. ಚಾರ್ಜೇ ಇಲ್ಲದ ಗುಂಡನ್ನೂ ಪೈಪ್ ಎಳೆಯುತ್ತದೆ. ಉಣ್ಣೆಯಿಂದ ಉಜ್ಜಿದ ಪಿವಿಸಿ ನೆಗೆಟಿವ್. ಅದು ಹತ್ತಿರ ಬಂದಾಗ ಫಾಯಿಲಿನ ಎಲೆಕ್ಟ್ರಾನುಗಳು ಆಚೆ ಬದಿಗೆ ಸರಿಯುತ್ತವೆ, ಈಚೆ ಬದಿ ಪಾಸಿಟಿವ್ ಆಗುತ್ತದೆ. ಈಚೆ ಬದಿ ಪೈಪಿಗೆ ಹತ್ತಿರ, ಆಚೆ ಬದಿ ದೂರ. ದೂರ ಎರಡರಷ್ಟಾದರೆ ಬಲ ನಾಲ್ಕರಲ್ಲಿ ಒಂದು ಪಾಲು. ಹಾಗಾಗಿ ಎಳೆತವೇ ಗೆಲ್ಲುತ್ತದೆ. ಚಾರ್ಜ್ ಇದೆ ಅನ್ನುವುದಕ್ಕೆ ಎಳೆತ ಸಾಕ್ಷಿ ಅಲ್ಲ, ತಳ್ಳುವುದು ಮಾತ್ರ ಸಾಕ್ಷಿ.

ಬಳ್ಳಾರಿ_ಬಿಸಿಲು:
ಪಠ್ಯಪುಸ್ತಕದಲ್ಲಿ ವಿರುದ್ಧ ಚಾರ್ಜುಗಳು ಆಕರ್ಷಿಸುತ್ತವೆ ಎಂದೇ ಇದೆಯಲ್ಲ.

ತಕ್ಕಡಿ:
ಅದು ಸರಿಯೇ. ಆದರೆ ಆಕರ್ಷಿಸಿದ್ದೆಲ್ಲಾ ವಿರುದ್ಧ ಚಾರ್ಜ್ ಎಂದು ಅಲ್ಲಿ ಬರೆದಿಲ್ಲ.

ಹಳೇ_ರೇಡಿಯೋ:
ಮೇಡಂ, ಬಲ್ಬ್ ಹಿಡಿದಿರಾ? ಅದೂ ಸಾಲದಿದ್ದರೆ ಗಾಜಿನ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು ರಾತ್ರಿಯಿಡೀ ಬಿಡಿ.

ಹೈಸ್ಕೂಲ್_ಟೀಚರ್:
ಬಲ್ಬ್ ಆಯಿತು, ಹೇರ್ ಡ್ರೈಯರ್ ಆಯಿತು. ಗುಂಡುಗಳು ಹಾಗೆಯೇ ಇವೆ. ಆದರೆ ಇದೇ ಪೈಪ್ ಕಾಗದದ ಚೂರುಗಳನ್ನು ಚೆನ್ನಾಗಿ ಎತ್ತುತ್ತದೆ.

ಹಳೇ_ರೇಡಿಯೋ:
ಪೆಟ್ಟಿಗೆ ಮಾಡಿ. ತೇವವೇ ಕಾರಣ, ನನಗೆ ಸಂಶಯವಿಲ್ಲ.

ಕಿಡಿ_ಪ್ರಿಯ:
ಇಷ್ಟೆಲ್ಲ ಯಾಕೆ? ವ್ಯಾನ್ ಡಿ ಗ್ರಾಫ್ ಜನರೇಟರ್ ಮಾಡಿಬಿಡಿ, ಓಡುವ ಪಟ್ಟಿಯಿಂದ ಲೋಹದ ಗೋಳದ ಮೇಲೆ ಚಾರ್ಜ್ ತುಂಬುವ ಯಂತ್ರ. ನಾನು ಎರಡು ಸ್ಟೀಲ್ ಬೋಗುಣಿಗಳನ್ನು ಬಾಯಿಗೆ ಬಾಯಿ ಜೋಡಿಸಿ ಗೋಳ ಮಾಡಿದ್ದೇನೆ. ಹಳೆಯ ಹೊಲಿಗೆ ಯಂತ್ರದ ಮೋಟಾರು, ರಬ್ಬರ್ ಪಟ್ಟಿ, ಪಿವಿಸಿ ಕಂಬ. 4 ಸೆಂ.ಮೀ. ಕಿಡಿ ಬರುತ್ತದೆ. ಒಣ ಗಾಳಿ ಸೀಳಲು ಸೆಂಟಿಮೀಟರಿಗೆ ಸುಮಾರು 30 ಸಾವಿರ ವೋಲ್ಟ್ ಬೇಕು, ಅಂದರೆ ಲಕ್ಷ ವೋಲ್ಟಿನ ಆಸುಪಾಸು. ಗೋಳದ ಮೇಲೆ ಕಾಗದದ ಪಟ್ಟಿ ಅಂಟಿಸಿದರೆ ಎಲ್ಲವೂ ನೆಟ್ಟಗೆ ಎದ್ದು ನಿಲ್ಲುತ್ತವೆ. ಫೋಟೋ ಬೇಕಾದರೆ ಹಾಕುತ್ತೇನೆ.

ಬಳ್ಳಾರಿ_ಬಿಸಿಲು:
ಹಾಕಿ ಹಾಕಿ! ರಬ್ಬರ್ ಪಟ್ಟಿ ಎಲ್ಲಿ ಸಿಕ್ಕಿತು?

ಕಿಡಿ_ಪ್ರಿಯ:
ಔಷಧಿ ಅಂಗಡಿಯಲ್ಲಿ. ವ್ಯಾಯಾಮಕ್ಕೆ ಎಳೆಯುವ ಅಗಲ ರಬ್ಬರ್ ಪಟ್ಟಿ. ಕಪ್ಪು ಬಣ್ಣದ್ದು ಬೇಡ, ಅದರಲ್ಲಿ ಇಂಗಾಲ ಇರುತ್ತದೆ, ಚಾರ್ಜ್ ಸೋರುತ್ತದೆ.

ತಕ್ಕಡಿ:
ಜನರೇಟರಿಗೆ ಬೇರೆ ಚರ್ಚೆಯ ಎಳೆ ತೆರೆಯೋಣ. ಮೇಡಂ, ಕಾಗದ ಎತ್ತುತ್ತದೆ ಅಂದರೆ ಪೈಪಿನಲ್ಲಿ ಚಾರ್ಜ್ ಇದೆ. ಗುಂಡಿಗೂ ಹೋಗುತ್ತಿದೆ, ಆದರೆ ಅಲ್ಲಿ ಉಳಿಯುತ್ತಿಲ್ಲ. ಉಳಿದಿದ್ದರೆ ಮುಟ್ಟಿಸಿದ ಸ್ವಲ್ಪ ಹೊತ್ತಿಗೆ ಗುಂಡು ಪೈಪಿನಿಂದಲೇ ದೂರ ಹಾರಬೇಕಿತ್ತು. ನಿಮ್ಮದು ಅಂಟಿಕೊಂಡೇ ಇರುತ್ತದೆ. ಗುಂಡುಗಳನ್ನು ಯಾವುದರಿಂದ ನೇತುಹಾಕಿದ್ದೀರಿ? ಸ್ಟ್ಯಾಂಡ್ ಯಾವುದು?

ಹೈಸ್ಕೂಲ್_ಟೀಚರ್:
ಮಾಮೂಲಿ ಹೊಲಿಗೆ ದಾರ, ಹತ್ತಿಯದ್ದು. ಲ್ಯಾಬಿನ ಕಬ್ಬಿಣದ ಸ್ಟ್ಯಾಂಡ್.

ತಕ್ಕಡಿ:
ಅಲ್ಲೇ ಸೋರುತ್ತಿದೆ. ಹತ್ತಿ ಎಳೆ ತೇವ ಹೀರಿಕೊಳ್ಳುತ್ತದೆ. ಬ್ಯಾಟರಿಯ ಕರೆಂಟಿಗೆ ಅದು ತಡೆಯೇ, ಆದರೆ ಇಷ್ಟು ಸಣ್ಣ ಚಾರ್ಜಿಗೆ ಅದೇ ದೊಡ್ಡ ದಾರಿ. ಗುಂಡಿನಿಂದ ದಾರಕ್ಕೆ, ದಾರದಿಂದ ಕಬ್ಬಿಣಕ್ಕೆ, ಅಲ್ಲಿಂದ ನೆಲಕ್ಕೆ. 1729ರಲ್ಲಿ ಇಂಗ್ಲೆಂಡಿನ ಪ್ರಯೋಗಕಾರ ಸ್ಟೀಫನ್ ಗ್ರೇ ಸೆಣಬಿನ ದಾರದ ಮೂಲಕ ನೂರಾರು ಅಡಿ ದೂರ ಚಾರ್ಜ್ ಕಳಿಸಿದ್ದ. ಆ ದಾರವನ್ನು ರೇಷ್ಮೆಯಿಂದ ತೂಗುಹಾಕಿದಾಗ ಕೆಲಸ ಆಯಿತು. ಹಿತ್ತಾಳೆ ತಂತಿಯಿಂದ ತೂಗುಹಾಕಿದಾಗ ಆಗಲಿಲ್ಲ. ನೀವು ಮೀನಿನ ಗಾಳಕ್ಕೆ ಕಟ್ಟುವ ತೆಳು ನೈಲಾನ್ ದಾರ ಹಾಕಿ. ನಿಮ್ಮೂರಲ್ಲಿ ಎಲ್ಲಾ ಕಡೆ ಸಿಗುತ್ತದೆ. ಕಟ್ಟುವ ಮೊದಲು ಸ್ಪಿರಿಟಿನಿಂದ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ.

ಹಳೇ_ರೇಡಿಯೋ:
ಕೊನೆಗೆ ತೇವವೇ ಆಯಿತಲ್ಲ. ನಾನು ಮೊದಲೇ ಹೇಳಿದ್ದೆ.

ತಕ್ಕಡಿ:
ತೇವ ಹೌದು, ಗಾಳಿಯದ್ದಲ್ಲ, ದಾರದ್ದು. ಚಾರ್ಜ್ ಸೋರುವುದು ಹೆಚ್ಚಾಗಿ ವಸ್ತುಗಳ ಮೈಮೇಲೆ ಕೂತ ನೀರಿನ ಪದರದಲ್ಲಿ. ನೀವು ಪೈಪು, ಗುಂಡು ಒಣಗಿಸಿ ಅಂದಿರಿ, ದಾರ ಅನ್ನಲಿಲ್ಲ.

ಹಳೇ_ರೇಡಿಯೋ:
"ಎಲ್ಲವನ್ನೂ" ಅಂದಿದ್ದೆ. ಮೇಲೆ ಓದಿ.

ಹೈಸ್ಕೂಲ್_ಟೀಚರ್:
ಮಾರಾಯ್ರೆ, ಆಯಿತು! ನೈಲಾನ್ ಹಾಕಿ, ಪೈಪನ್ನು ಗುಂಡುಗಳ ಮೇಲೆ ಉದ್ದಕ್ಕೆ ಸವರಿದೆ. ಎರಡೂ ಗುಂಡು ಬೇರೆಯಾಗಿ ನಿಂತವು. ದಾರ 30 ಸೆಂ.ಮೀ., ಗುಂಡುಗಳ ನಡುವೆ 6 ಸೆಂ.ಮೀ. ಚಿನ್ನದಂಗಡಿಯಲ್ಲಿ ಹತ್ತು ಗುಂಡು ಒಟ್ಟಿಗೆ ತೂಗಿಸಿದೆ, ಅರ್ಧ ಗ್ರಾಂ ಬಂತು. ಇದರಿಂದ ಚಾರ್ಜ್ ಎಷ್ಟು ಎಂದು ಲೆಕ್ಕ ಹಾಕಬಹುದಾ? ಬಲ ದೂರದ ವರ್ಗದ ಪ್ರಕಾರ ಇಳಿಯುವುದನ್ನೂ ತೋರಿಸಬೇಕು.

ತಕ್ಕಡಿ:
ತುಂಬಾ ಖುಷಿ ಆಯಿತು. ಎರಡೂ ದಾರ ಒಂದೇ ಬಿಂದುವಿನಿಂದ ಇಳಿದಿವೆ ಅಂದುಕೊಂಡು ಲೆಕ್ಕ ಹೇಳುತ್ತೇನೆ. ಗುಂಡು ನೇರ ರೇಖೆಯಿಂದ 3 ಸೆಂ.ಮೀ. ಸರಿದಿದೆ, ದಾರ 30. ಹಾಗಾಗಿ ತಳ್ಳುವ ಬಲ ಗುಂಡಿನ ತೂಕದ ಹತ್ತನೇ ಒಂದು ಪಾಲು. 0.05 ಗ್ರಾಂ ಗುಂಡಿಗೆ ಅದು ಸುಮಾರು 0.00005 ನ್ಯೂಟನ್. ಕೂಲಂಬ್ ಸೂತ್ರದಲ್ಲಿ ಬಲ ಅಂದರೆ ಸ್ಥಿರಾಂಕ × ಎರಡು ಚಾರ್ಜುಗಳ ಗುಣಲಬ್ಧ ÷ ದೂರದ ವರ್ಗ; ಸ್ಥಿರಾಂಕ 9×10⁹. ಎರಡರಲ್ಲೂ ಚಾರ್ಜ್ ಸಮ ಅಂದುಕೊಂಡರೆ ತಲಾ 4.4 ನ್ಯಾನೋಕೂಲಂಬ್ (ಚಾರ್ಜಿನ ಮಾನವಾದ ಕೂಲಂಬಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೋಕೂಲಂಬ್) ಬರುತ್ತದೆ. ಅಂದರೆ ಒಂದೊಂದು ಗುಂಡಿನ ಮೇಲೆ ಹೆಚ್ಚುವರಿ ಎಲೆಕ್ಟ್ರಾನು ಸುಮಾರು 2,700 ಕೋಟಿ. ಇದನ್ನು ಮಕ್ಕಳಿಂದಲೇ ಲೆಕ್ಕ ಮಾಡಿಸಿ.

ವರ್ಗದ ನಿಯಮಕ್ಕೆ ಅಷ್ಟೇ ದೊಡ್ಡ, ಚಾರ್ಜ್ ಇಲ್ಲದ ಮೂರನೇ ಗುಂಡು ಬೇಕು. ಮೊದಲು ಒಂದು ಗುಂಡನ್ನು ದೂರ ಸರಿಸಿ, ಇನ್ನೊಂದಕ್ಕೆ ಮೂರನೆಯದನ್ನು ಮುಟ್ಟಿಸಿ ತೆಗೆಯಿರಿ. ಅದರ ಚಾರ್ಜ್ ಅರ್ಧ ಆಗುತ್ತದೆ. ಗುಂಡು ಸರಿದಷ್ಟೇ ಪಾಲಿನಲ್ಲಿ ಬಲ ಇರುವುದರಿಂದ, ನಿಯಮ ಸರಿ ಇದ್ದರೆ ದೂರದ ಘನ ಅರ್ಧ ಆಗಬೇಕು, ಅಂದರೆ 6 ಸೆಂ.ಮೀ. ಇದ್ದ ದೂರ 4.8ರ ಹತ್ತಿರ ಬರಬೇಕು. ಬೇಗ ಅಳೆಯಿರಿ, ಯಾಕೆಂದರೆ ಚಾರ್ಜ್ ಸೋರುತ್ತಲೇ ಇರುತ್ತದೆ. ಕೂಲಂಬ್ 1785ರಲ್ಲಿ ತನ್ನ ತಿರುಚು ತಕ್ಕಡಿಯಲ್ಲಿ (ತಂತಿ ಎಷ್ಟು ತಿರುಚಿತು ಎಂಬುದರಿಂದ ಬಲ ಅಳೆಯುವ ಸಾಧನ) ತೋರಿಸಿದ್ದು ಮೂರೇ ಅಳತೆ: ಗುಂಡುಗಳ ಅಂತರ 36, 18, 8.5 ಡಿಗ್ರಿ, ತಂತಿಯ ತಿರುಚು 36, 144, 575.5. ಅಂತರ ಅರ್ಧದಷ್ಟಾದಾಗ ಬಲ ಸುಮಾರು ನಾಲ್ಕರಷ್ಟು.

ಕಿಡಿ_ಪ್ರಿಯ:
ಜನರೇಟರ್ ಫೋಟೋ ಬೇರೆ ಎಳೆಯಲ್ಲಿ ಹಾಕಿದ್ದೇನೆ, ಎಲ್ಲರೂ ನೋಡಿ.

ಹೈಸ್ಕೂಲ್_ಟೀಚರ್:
ಮೂರನೇ ಗುಂಡಿಗೆ ಹಿಡಿ ಯಾವುದರದ್ದು ಹಾಕಲಿ? ಮರದ ಕಡ್ಡಿ ಆಗುತ್ತದಾ?

ತಕ್ಕಡಿ:
ಮರ ಬೇಡ, ಅದೂ ಹತ್ತಿಯ ಹಾಗೆಯೇ ತೇವ ಹಿಡಿಯುತ್ತದೆ. ಪ್ಲಾಸ್ಟಿಕ್ ಸ್ಟ್ರಾ ಹಾಕಿ. ತುದಿಯಲ್ಲಿ ಮಾತ್ರ ಹಿಡಿಯಿರಿ.